ಬಿಸಿಯಾದಾಗ ಮಾತ್ರ ಆಫ್ ಆಗುವ ಎಂಜಿನ್: ಕ್ರ್ಯಾಂಕ್ ಸೆನ್ಸರ್ ದೋಷ ಹಿಡಿಯುವ ಬಗೆ

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಕಾರು ಮೂವತ್ತು ನಲವತ್ತು ಕಿಲೋಮೀಟರ್ ಓಡಿದ ಮೇಲೆ ಸಿಗ್ನಲ್‌ನಲ್ಲಿ ಸದ್ದಿಲ್ಲದೆ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಜಾಣ ಮಗುವಿನ ಹಾಗೆ ಓಡುತ್ತದೆ. ಪೆಟ್ರೋಲ್ ಇರಲಿ, ಕಾಮನ್ ರೈಲ್ ಡೀಸೆಲ್ ಇರಲಿ, ಈ ಲಕ್ಷಣ ಕಂಡರೆ ಮೊದಲು ಅನುಮಾನಿಸಬೇಕಾದ್ದು ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್ (ಎಂಜಿನ್ನಿನ ಮುಖ್ಯ ಶಾಫ್ಟ್ ತಿರುಗುವುದನ್ನು ಅಳೆಯುವ ಸೆನ್ಸರ್) ಅಥವಾ ಅದರ ವೈರು. ಸೆನ್ಸರ್ ಬದಲಾಯಿಸಿದ ಮೇಲೂ ಗಾಡಿ ನಿಂತರೆ ತಪ್ಪು ಹೆಚ್ಚಾಗಿ ವೈರಿನಲ್ಲೋ ಅದನ್ನು ಜೋಡಿಸುವ ಪ್ಲಗ್ಗಾದ ಕಪ್ಲರ್‌ನಲ್ಲೋ ಇರುತ್ತದೆ. ಹಾಗಾಗಿ ಪಾರ್ಟ್ ತರಲು ಹೊರಡುವ ಮುಂಚೆ ದೋಷವನ್ನು ಅದು ಇರುವ ಹೊತ್ತಿನಲ್ಲೇ ಹಿಡಿಯಬೇಕು. ತಣ್ಣಗಿನ ಎಂಜಿನ್ ಮೇಲೆ ಮಾಡಿದ ಪರೀಕ್ಷೆ ಈ ರೋಗಕ್ಕೆ ಉಪಯೋಗವಿಲ್ಲ.

ಈ ಸೆನ್ಸರ್ ಫ್ಲೈವೀಲ್ ಬಳಿಯೋ ಮುಂದಿನ ಪುಲ್ಲಿಯ ಬಳಿಯೋ ಹಲ್ಲಿನ ಚಕ್ರವೊಂದರ ಎದುರು ಕೂತಿರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಆ ಚಕ್ರದಲ್ಲಿ 60 ಹಲ್ಲುಗಳಿಗೆ ಜಾಗವಿದ್ದು, ಎರಡನ್ನು ಬಿಟ್ಟು 58 ಮಾತ್ರ ಇರುತ್ತವೆ. ಆ ಖಾಲಿ ಜಾಗ ದಾಟಿದಾಗ ಪಿಸ್ಟನ್ ಎಲ್ಲಿದೆ ಎಂದು ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಗೊತ್ತಾಗುತ್ತದೆ. ಈ ಸಿಗ್ನಲ್ ತಪ್ಪಿದರೆ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ, ಸ್ಪಾರ್ಕ್ ಕೊಡುವುದಿಲ್ಲ, ಫ್ಯುಯೆಲ್ ಪಂಪನ್ನೂ ನಿಲ್ಲಿಸುತ್ತದೆ. ಪೆಟ್ರೋಲ್ ಬರುತ್ತಿಲ್ಲ ಎಂದುಕೊಂಡು ಒಳ್ಳೆಯ ಪಂಪನ್ನೇ ಬದಲಿಸಿಬಿಡುವುದು ಇದೇ ಕಾರಣಕ್ಕೆ.

ನಿಂತ ಜಾಗದಲ್ಲೇ ನೋಡಬೇಕಾದ್ದು

ಎಂಜಿನ್ ಹತ್ತದ ಆ ಅರ್ಧ ಗಂಟೆ ಚಿನ್ನದಂಥದ್ದು. ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಹಜಾರ್ಡ್ ಲೈಟ್ ಹಾಕಿ, ಆಮೇಲೆ ಶುರು ಮಾಡಿ.

ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳನ್ನು ನೋಡಿ. ಮುಳ್ಳು ಸಣ್ಣಗೆ ಎದ್ದರೆ ಸಿಗ್ನಲ್ ಬರುತ್ತಿದೆ, ಸೊನ್ನೆಯಲ್ಲೇ ಮಲಗಿದ್ದರೆ ಬರುತ್ತಿಲ್ಲ. ಕೆಲವು ಮೀಟರ್‌ಗಳು ಅಷ್ಟು ಕಡಿಮೆ ವೇಗವನ್ನು ತೋರಿಸುವುದಿಲ್ಲ, ಆದ್ದರಿಂದ ಸ್ಟೀರಿಂಗ್ ಕೆಳಗಿನ ಓಬಿಡಿ (ದೋಷ ಓದುವ) ಸಾಕೆಟ್‌ಗೆ ಸ್ಕ್ಯಾನರ್ ಹಾಕಿ ಲೈವ್ ಡೇಟಾ ನೋಡುವುದು ಖಾತ್ರಿ. ಸೆಲ್ಫ್ ತಿರುಗುವಾಗ ಸುಮಾರು 150ರಿಂದ 250 ಆರ್‌ಪಿಎಂ ಕಾಣಬೇಕು. ಸೊನ್ನೆ ಎಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. 200 ತೋರಿಸುತ್ತಲೇ ಹತ್ತದಿದ್ದರೆ ಸೆನ್ಸರ್ ಕಡೆಗೆ ಹೋಗಬೇಡಿ. ಪಂಪ್, ರಿಲೇ, ಫ್ಯೂಸ್, ಇಮ್ಮೊಬಿಲೈಸರ್ (ಕಳ್ಳತನ ತಡೆ) ದೀಪ ನೋಡಿ. ಕ್ರ್ಯಾಂಕ್ ಸಿಗ್ನಲ್ ಸತ್ತಾಗ ಕ್ಯಾಮ್ ಸೆನ್ಸರ್ (ವಾಲ್ವ್ ತೆರೆಯುವ ಶಾಫ್ಟಿನ ಸೆನ್ಸರ್) ಲೆಕ್ಕದಲ್ಲಿ ಆರ್‌ಪಿಎಂ ತೋರಿಸುವ ಇಸಿಯುಗಳೂ ಇವೆ, ಅದೊಂದು ಗಮನದಲ್ಲಿರಲಿ. ಪೆಟ್ರೋಲ್ ಗಾಡಿಯಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗೆ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಎನ್ನುತ್ತದಲ್ಲ, ಅದನ್ನೂ ಕಿವಿಗೊಟ್ಟು ಕೇಳಿ. ಆ ಸದ್ದಿದೆ, ಆರ್‌ಪಿಎಂ ಇಲ್ಲ ಎಂದರೆ ದಾರಿ ಸ್ಪಷ್ಟ.

ಬ್ಲೂಟೂತ್ ಡಾಂಗಲ್ ಬಳಸುವವರು ಪರದೆಯ ಮೇಲೆ ಆರ್‌ಪಿಎಂ ಒಂದನ್ನೇ ಇಟ್ಟುಕೊಳ್ಳಬೇಕು. ಹತ್ತು ಅಳತೆಗಳನ್ನು ಒಟ್ಟಿಗೆ ತೆರೆದರೆ ಪ್ರತಿಯೊಂದೂ ತಡವಾಗಿ ಬದಲಾಗುತ್ತದೆ, ಅರೆಕ್ಷಣದ ತಪ್ಪು ಕೈ ಜಾರಿ ಹೋಗುತ್ತದೆ.

ಕೋಡ್ ಹೇಳುವುದೆಷ್ಟು

ಸ್ಕ್ಯಾನರ್ ತೋರಿಸುವ ಕೋಡ್‌ಗಳಲ್ಲಿ ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್ ದೋಷ. ಪಿ0336 ಸಿಗ್ನಲ್ ಬರುತ್ತಿದೆ, ಆದರೆ ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುತ್ತದೆ. ಹಲ್ಲು ಮುರಿದಿದ್ದರೆ, ಚಕ್ರ ಸೊಟ್ಟಗಿದ್ದರೆ, ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಹಿಡಿದಿದ್ದರೆ ಇದು ಬರುವುದುಂಟು. ಪಿ0339 ಬಂದು ಹೋಗುವ ದೋಷಕ್ಕೇ ಇಟ್ಟ ಕೋಡ್. ಪಿ0340 ಬಂದರೆ ಅದು ಕ್ಯಾಮ್ ಸೆನ್ಸರ್. ಕ್ಯಾಮ್ ಕೆಟ್ಟರೆ ಅನೇಕ ಗಾಡಿಗಳು ಉದ್ದನೆಯ ಸೆಲ್ಫ್ ಹೊಡೆಸಿಕೊಂಡಾದರೂ ಸ್ಟಾರ್ಟ್ ಆಗುತ್ತವೆ.

ಕೋಡೇ ಇಲ್ಲವೆಂದರೆ ದೋಷವಿಲ್ಲ ಎಂದಲ್ಲ. ಓಡುತ್ತಿದ್ದ ಎಂಜಿನ್‌ನ ಕ್ರ್ಯಾಂಕ್ ಸಿಗ್ನಲ್ ಒಮ್ಮೆಲೇ ನಿಂತರೆ, ಯಾರೋ ಎಂಜಿನ್ ಆಫ್ ಮಾಡಿದರು ಎಂದು ಇಸಿಯು ತಿಳಿದುಕೊಳ್ಳುವ ಸಾಧ್ಯತೆಯಿದೆ. ಕ್ಯಾಮ್ ಸಿಗ್ನಲ್ ಬರುತ್ತಿದ್ದು ಕ್ರ್ಯಾಂಕ್ ಸಿಗ್ನಲ್ ಇಲ್ಲದಿದ್ದಾಗ ಮಾತ್ರ ಅದಕ್ಕೆ ಅನುಮಾನ ಬರುತ್ತದೆ. ಅದಕ್ಕಾಗಿ ಗಾಡಿ ಹತ್ತದ ಹೊತ್ತಿನಲ್ಲಿ ಐದಾರು ಸೆಕೆಂಡ್ ಸೆಲ್ಫ್ ಹೊಡೆದು, ಆಮೇಲೆ ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷದ ಕೋಡ್) ಓದಿ. ದೋಷ ಕಂಡ ಕ್ಷಣದ ದಾಖಲೆಯಾದ ಫ್ರೀಜ್ ಫ್ರೇಮ್‌ನಲ್ಲಿ ಕೂಲೆಂಟ್ ಉಷ್ಣತೆ, ಆರ್‌ಪಿಎಂ, ವೇಗ ದಾಖಲಾಗಿರುತ್ತವೆ. ಬರೆದುಕೊಳ್ಳುವ ಮುಂಚೆ ಕೋಡ್ ಅಳಿಸಬೇಡಿ.

ಸೆನ್ಸರ್‌ಗೆ ಮುಂಚೆ ಬ್ಯಾಟರಿ

ಇದನ್ನು ಬೇಗ ಮುಗಿಸಿಬಿಡಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್ ಮೇಲೆ ಇಟ್ಟು ನೋಡಿ; 0.1 ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥ್ ಕೇಬಲ್ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಅರ್ಥ್ ಸರಿಯಿಲ್ಲದ ಗಾಡಿಯಲ್ಲಿ ಯಾವ ಸೆನ್ಸರಿನ ಮಾತನ್ನೂ ನಂಬುವ ಹಾಗಿಲ್ಲ.

ಎರಡು ವೈರಿನದೋ ಮೂರು ವೈರಿನದೋ

ಎರಡು ವೈರಿನ ಸೆನ್ಸರ್ ಒಳಗೆ ಅಯಸ್ಕಾಂತ ಮತ್ತು ತಾಮ್ರದ ಕಾಯಿಲ್ ಇರುತ್ತದೆ. ಮೂರನೇ ಪಿನ್‌ಗೆ ಬರೀ ಶೀಲ್ಡ್ (ವೈರಿನ ಸುತ್ತಲಿನ ರಕ್ಷಣೆಯ ಲೋಹದ ಕವಚ) ಬಂದಿರುವುದೂ ಉಂಟು, ಆದ್ದರಿಂದ ಪಿನ್ ಎಣಿಸಿ ತೀರ್ಮಾನಿಸದೆ ವೈರಿಂಗ್ ಚಿತ್ರ ನೋಡಿ. ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಹೆಚ್ಚಿನವು 500ರಿಂದ 1500ರ ಒಳಗೆ ಬರುತ್ತವೆ, ನಿಮ್ಮ ಗಾಡಿಯ ಸರಿಯಾದ ಸಂಖ್ಯೆಗೆ ಸರ್ವಿಸ್ ಮ್ಯಾನ್ಯುಯಲ್ ನೋಡಬೇಕು.

ತಣ್ಣಗಿದ್ದಾಗ ಸರಿಯಾಗಿ ತೋರಿಸಿದರೆ ಹೇರ್ ಡ್ರೈಯರ್ ತನ್ನಿ. ಮೀಟರ್ ಕಡ್ಡಿಗಳನ್ನು ಕ್ಲಿಪ್‌ನಿಂದ ಕಚ್ಚಿಸಿಟ್ಟು, ಸೆನ್ಸರಿನ ಮೈಗೆ ಐದು ಹತ್ತು ನಿಮಿಷ ಬಿಸಿ ಗಾಳಿ ಬಿಡಿ. ತಾಮ್ರದ ತಂತಿಯ ಓಮ್ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 25 ಡಿಗ್ರಿಯಲ್ಲಿ 900 ಓಮ್ ಇದ್ದ ಕಾಯಿಲ್ 90 ಡಿಗ್ರಿಗೆ ಬಂದಾಗ 1125ರ ಹತ್ತಿರ ತೋರಿಸುವುದು ಸಹಜ, ಅದನ್ನು ನೋಡಿ ಸೆನ್ಸರ್ ಎಸೆಯಬೇಡಿ. ನೋಡಬೇಕಾದ್ದು ನೆಗೆತ. ಸಂಖ್ಯೆ ನಿಧಾನ ಏರುತ್ತಾ ಏರುತ್ತಾ ಒಮ್ಮೆಲೇ ಅಳತೆ ಮೀರಿ ಓಎಲ್ ಎಂದು ತೋರಿಸಿ, ಒದ್ದೆ ಬಟ್ಟೆ ಸುತ್ತಿದ ಮೇಲೆ ಮರಳಿ ಬಂದರೆ ಒಳಗೆ ತಂತಿ ತುಂಡಾಗಿದೆ: ಬಿಸಿಗೆ ಹಿಗ್ಗಿ ಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಇನ್ನು ಮಾತಿಲ್ಲ, ಬದಲಿಸಿ. ಹೀಟ್ ಗನ್ ಬೇಡ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಳ್ಳೆಯ ಸೆನ್ಸರನ್ನೂ ಕೊಲ್ಲುತ್ತದೆ. ಓಮ್ ಸರಿಯಿದ್ದರೆ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ಕೂಡ ಹುಟ್ಟದಿದ್ದರೆ ಸೆನ್ಸರ್ ತುದಿ ಹಲ್ಲಿನಿಂದ ದೂರವಿದೆಯೋ, ತುದಿಗೆ ಪುಡಿ ಮೆತ್ತಿದೆಯೋ ಬಿಚ್ಚಿ ನೋಡಬೇಕು.

ಮೂರು ವೈರಿನ, ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಸೆನ್ಸರ್‌ಗೆ ಓಮ್ ಪರೀಕ್ಷೆ ಮಾಡಬಾರದು, ಅದರಿಂದ ಏನೂ ತಿಳಿಯುವುದಿಲ್ಲ. ಕಪ್ಲರ್ ಬಿಚ್ಚಿ ಕೀ ಆನ್ ಮಾಡಿ, ವೈರಿನ ಕಡೆಯಲ್ಲಿ ಸಪ್ಲೈ ನೋಡಿ: ಗಾಡಿಗೆ ತಕ್ಕಂತೆ 5 ಅಥವಾ 12 ವೋಲ್ಟ್. ಅರ್ಥ್ ಪಿನ್ ನೋಡಿ. ಮತ್ತೆ ಕಪ್ಲರ್ ಹಾಕಿ, ಹಿಂದಿನಿಂದ ತೆಳು ಪಿನ್ ತೂರಿಸಿ ಸಿಗ್ನಲ್ ವೈರಿನಲ್ಲಿ ಅಳೆಯುತ್ತಾ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿ. ಆಗ ಕೀ ಆನ್ ಇರುತ್ತದೆ, ಗೇರು ನ್ಯೂಟ್ರಲ್‌ನಲ್ಲಿರಲಿ, ಸೆಲ್ಫಿನ ಹತ್ತಿರ ಯಾರ ಕೈಯೂ ಹೋಗಬಾರದು. ಒಂದೊಂದು ಹಲ್ಲಿಗೂ ವೋಲ್ಟೇಜ್ ಮೇಲೆ ಕೆಳಗೆ ಹಾರಬೇಕು. ಸಪ್ಲೈ 5 ವೋಲ್ಟ್ ಬರುವಲ್ಲಿ ಒಂದೋ ಎರಡೋ ಇದ್ದರೆ ತಪ್ಪು ಬೇರೆ ಕಡೆ ಇರಬಹುದು. ಒಂದೇ 5 ವೋಲ್ಟ್ ಸಾಲಿನಲ್ಲಿ ಹಲವು ಸೆನ್ಸರ್‌ಗಳು ಊಟ ಮಾಡುತ್ತಿರುತ್ತವೆ, ಒಂದು ಶಾರ್ಟ್ ಆದರೆ ಎಲ್ಲಕ್ಕೂ ಉಪವಾಸ. ಅದೇ ಸಾಲಿನ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕಳ್ಳ.

ವೈರು, ಕಪ್ಲರ್, ಇಲಿ

ಸೆನ್ಸರ್ ಪಾಸಾದರೆ ಹಾರ್ನೆಸ್, ಅಂದರೆ ವೈರುಗಳ ಕಟ್ಟಿನ, ಸರದಿ. ಎಂಜಿನ್ ಐಡಲ್‌ನಲ್ಲಿಟ್ಟು, ಸೆನ್ಸರ್ ಕಡೆಯಿಂದ ಇಸಿಯು ಕಡೆಗೆ ಒಂದೊಂದು ಗೇಣು ವೈರನ್ನು ಬಾಗಿಸಿ ಅಲ್ಲಾಡಿಸುತ್ತಾ ಹೋಗಿ, ಇನ್ನೊಬ್ಬರು ಆರ್‌ಪಿಎಂ ನೋಡುತ್ತಿರಲಿ. ಬೆಲ್ಟ್, ಫ್ಯಾನ್, ಸೈಲೆನ್ಸರ್ ಮೇಲೆ ನಿಗಾ ಇರಲಿ, ಶರ್ಟಿನ ತೋಳು ಮಡಚಿಕೊಳ್ಳಿ. ಗಾಡಿಯ ಕೆಳಗೆ ಹೋಗಬೇಕಿದ್ದರೆ ಜಾಕನ್ನು ನಂಬದೆ ಸ್ಟ್ಯಾಂಡ್ ಕೊಡಿ. ಬ್ರಾಕೆಟ್‌ಗೆ ಉಜ್ಜುವ ಜಾಗ, ಸೈಲೆನ್ಸರ್ ಪಕ್ಕ, ಗೇರ್‌ಬಾಕ್ಸ್ ಮೇಲಿನ ಕಪ್ಲರ್, ಈ ಮೂರರಲ್ಲೇ ಬಹುತೇಕ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದ ಗುರುತು, ಕಪ್ಲರ್ ಒಳಗಿನ ಹಸಿರು ಕಿಲುಬು, ಎರಡನ್ನೂ ಟಾರ್ಚ್ ಹಾಕಿ ಹುಡುಕಿ.

ಕಪ್ಲರಿನ ಹೆಣ್ಣು ಪಿನ್ ಸಡಿಲವಾಗಿದೆಯೇ ನೋಡಲು ಅದೇ ಅಳತೆಯ ಬಿಡಿ ಗಂಡು ಪಿನ್ ತೂರಿಸಿ ಎಳೆಯಿರಿ. ತುಸು ಬಿಗಿ ಹಿಡಿಯಬೇಕು. ಜಾರಿ ಬಂದರೆ ದೋಷ ಅಲ್ಲೇ. ಮೀಟರಿನ ದಪ್ಪ ಕಡ್ಡಿಯನ್ನು ಒಳಗೆ ತುರುಕಿದವರಿಂದಲೇ ಎಷ್ಟೋ ಪಿನ್‌ಗಳು ಹೀಗೆ ಅಗಲವಾಗಿರುತ್ತವೆ.

ಓಮ್ ಮೀಟರ್ ಮೋಸ ಮಾಡುವ ಜಾಗವೂ ಇದೆ. ವೈರಿನ ಎಳೆಗಳೆಲ್ಲ ಕತ್ತರಿಸಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಇದಕ್ಕೆ 21 ವಾಟ್‌ನ ಇಂಡಿಕೇಟರ್ ಬಲ್ಬ್ ಮದ್ದು: ವೈರಿನ ಎರಡೂ ತುದಿಯ ಕಪ್ಲರ್ ಬಿಚ್ಚಿ, ಅಂದರೆ ಇಸಿಯು ಕಡೆಯದೂ ಬಿಚ್ಚಿ, ಆ ವೈರಿನ ಮೂಲಕ ಬ್ಯಾಟರಿಯಿಂದ ಬಲ್ಬ್ ಉರಿಸಿ. ನೇರ ಬ್ಯಾಟರಿಗೆ ಹಾಕಿದಾಗಿನಷ್ಟೇ ಬೆಳಗಬೇಕು. ಮಂಕಾದರೆ ವೈರು ಕೆಟ್ಟಿದೆ. ಇಸಿಯು ಕಪ್ಲರ್ ಬಿಚ್ಚದೆ ಇದನ್ನು ಮಾಡಿದರೆ ಇಸಿಯುವೇ ಹೋದೀತು.

ಜೋಡಿಸುವಾಗ ಕರಿ ಟೇಪು ಸುತ್ತಿ ಬಿಡಬೇಡಿ, ಬಿಸಿಗೆ ಅಂಟು ಬಿಡುತ್ತದೆ. ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಎರಡು ವೈರಿನ ಜಾಯಿಂಟ್‌ಗಳು ಅಕ್ಕಪಕ್ಕ ಬಾರದಂತೆ ಒಂದಿಂಚು ಹಿಂದೆಮುಂದೆ ಇಡಿ. ಎರಡು ವೈರಿನ ಸೆನ್ಸರಿನಲ್ಲಿ ವೈರು ಅದಲುಬದಲಾದರೆ ಸಿಗ್ನಲ್ ತಲೆಕೆಳಗಾಗಿ ಟೈಮಿಂಗ್ ಕೆಡುತ್ತದೆ. ಶೀಲ್ಡ್ ಅರ್ಥ್ ಆಗಬೇಕಾದ್ದು ಇಸಿಯು ತುದಿಯಲ್ಲಿ ಮಾತ್ರ. ಇನ್ನೊಂದು ತುದಿಗೂ ಕೊಟ್ಟರೆ ಬೇಡದ ವಿದ್ಯುತ್ ಅಡಚಣೆಯನ್ನೆಲ್ಲ ಎಳೆದು ತರುತ್ತದೆ.

ಹೊಸ ಸೆನ್ಸರ್ ಹಾಕುವಾಗ

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ತುದಿಯ ಉದ್ದ ಹೋಲಿಸಿ. ತುದಿ ಮತ್ತು ಹಲ್ಲಿನ ನಡುವೆ ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್ ಮಾತ್ರ ಸಂದು ಇರುವುದರಿಂದ ಒಂದು ಮಿಲಿಮೀಟರ್ ವ್ಯತ್ಯಾಸವೂ ಸಿಗ್ನಲ್ ಕೊಲ್ಲುತ್ತದೆ, ಇಲ್ಲವೇ ಹಲ್ಲಿಗೇ ತಾಗಿಸುತ್ತದೆ. ಡೂಪ್ಲಿಕೇಟ್ ಸೆನ್ಸರ್‌ಗಳು ಸೋಲುವುದು ಇಲ್ಲೇ, ಈ ಪಾರ್ಟಿನಲ್ಲಿ ಉಳಿತಾಯ ಬೇಡ. ತೂತನ್ನು ಬಟ್ಟೆಯಲ್ಲಿ ಒರೆಸಿ, ಓ-ರಿಂಗ್‌ಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಸುತ್ತಿಗೆ ಮುಟ್ಟದೆ ಕೈಯಲ್ಲೇ ಒತ್ತಿ ಕೂರಿಸಿ. ಬೋಲ್ಟ್ ಹೆಚ್ಚಾಗಿ ಎಂ6, 8ರಿಂದ 10 ನ್ಯೂಟನ್ ಮೀಟರ್ ಸಾಕು.

ಕೆಲವು ಗಾಡಿಗಳಿಗೆ ಸ್ಕ್ಯಾನರ್ ಮೂಲಕ ಹೊಸ ಸೆನ್ಸರನ್ನು ಕಲಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ಮಿಸ್‌ಫೈರ್ ಕೋಡ್ ಬಂದೀತು. ಕೋಡ್ ಅಳಿಸಿ, ಫ್ರೀಜ್ ಫ್ರೇಮ್‌ನಲ್ಲಿ ಬರೆದುಕೊಂಡಿದ್ದ ಅದೇ ಉಷ್ಣತೆಗೆ ಎಂಜಿನ್ ಬರುವಷ್ಟು ಓಡಿಸಿ, ಎಸಿ ಹಾಕಿ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ನೀರು ಹರಿಯುವುದು ನಿಂತ ಆ ಐದು ನಿಮಿಷದಲ್ಲಿ ಬಾನೆಟ್ ಒಳಗೆ ಶಾಖ ಇನ್ನೂ ಏರುತ್ತದೆ. ಮೊದಲ ಸೆಲ್ಫ್‌ಗೇ ಹತ್ತಿದರೆ ಬಾನೆಟ್ ಮುಚ್ಚಬಹುದು.