ಬಳ್ಳಾರಿ ಬಿಸಿಲಿಗೆ ಕಟ್ಟಿಗೆ ಕಿಟಕಿಯೋ, ಅಲ್ಯೂಮಿನಿಯಂ ಕಿಟಕಿಯೋ: ಗೋಡೆ ನೋಡಿ ಆರಿಸಿದ ಅನುಭವ

ಏಳು ಕಿಟಕಿಗಳಲ್ಲಿ ಮೂರಕ್ಕೆ ಸಾಗುವಾನಿ, ನಾಲ್ಕಕ್ಕೆ ಅಲ್ಯೂಮಿನಿಯಂ ಹಾಕಿಸಿದೆ. ಪೂರ್ವಕ್ಕೆ ಪಡಸಾಲೆಯ ನೆರಳಲ್ಲಿರುವ ಎರಡು ಮತ್ತು ಉತ್ತರದ ಒಂದು ಕಟ್ಟಿಗೆಯವು. ಪಶ್ಚಿಮ, ದಕ್ಷಿಣದವೆಲ್ಲ ಅಲ್ಯೂಮಿನಿಯಂ. ನೋಡಿದವರೆಲ್ಲ ಇದು ಉಲ್ಟಾ ಆಯಿತು, ಪಡುವಣ ಬಿಸಿಲಿಗೆ ಕಟ್ಟಿಗೆಯೇ ಇರಬೇಕಿತ್ತು ಎನ್ನುತ್ತಾರೆ. ಅಲ್ಯೂಮಿನಿಯಂ ಕಾಯುವುದೇನೋ ಸುಳ್ಳಲ್ಲ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಚೌಕಟ್ಟಿನ ಮೇಲೆ ಕೈ ಇಡಲಾಗದು. ಆದರೆ ಕೋಣೆಗೆ ಬರುವ ಝಳದಲ್ಲಿ ಬಹುಪಾಲು ಗಾಜಿನಿಂದ ಬರುವುದು, ಚೌಕಟ್ಟಿನಿಂದಲ್ಲ. ಅದಕ್ಕೆ ಮದ್ದು ಕಿಟಕಿ ಸಣ್ಣದು ಮಾಡುವುದು ಮತ್ತು ಹೊರಗಡೆ ಬಿದಿರಿನ ಪರದೆ ಇಳಿಬಿಡುವುದು. ಸಂಜೆಯ ಬಿಸಿಲು ಅಡ್ಡ ಬೀಳುವುದರಿಂದ ಪಶ್ಚಿಮದಲ್ಲಿ ಎರಡಡಿ ಸಜ್ಜಾ ಏನೂ ತಡೆಯುವುದಿಲ್ಲ. ಅದೇ ಗೋಡೆಗೆ ಕಟ್ಟಿಗೆ ಇಟ್ಟರೆ ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಕದ ಸಿಕ್ಕಿಕೊಳ್ಳುತ್ತದೆ, ವಾರ್ನಿಶ್ ಹೊಪ್ಪಳಿಕೆ ಏಳುತ್ತದೆ.

ಬೆಳಕು, ಗಾಳಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದ್ದು ಒಳ್ಳೆಯದಾಯಿತು. 4 ಅಡಿಗೆ 4 ಅಡಿಯ ಕಟ್ಟಿಗೆ ಕಿಟಕಿಗೆ 4×3 ಇಂಚಿನ ಚೌಕಟ್ಟು, ನಡುವೆ ಒಂದು ಕಂಬ, 3 ಇಂಚು ಅಗಲದ ಪಟ್ಟಿಯ ಎರಡು ಕದ ಎಂದುಕೊಳ್ಳಿ. ಗಾಜಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಜಾಗ. ಕದ ಪೂರ್ತಿ ತೆರೆದರೆ ಮಾತ್ರ ನೂರಕ್ಕೆ ಎಪ್ಪತ್ತರಷ್ಟು ಬಯಲಾಗುತ್ತದೆ. ಸ್ಲೈಡಿಂಗ್ ಅಲ್ಯೂಮಿನಿಯಂನಲ್ಲಿ ಗಾಜು ಧಾರಾಳ, ಆದರೆ ಎಷ್ಟೇ ಸರಿಸಿದರೂ ತೆರೆಯುವುದು ಅರ್ಧವೇ. ಮಲಗುವ ಕೋಣೆಗೆ ರಾತ್ರಿ ತಂಗಾಳಿ ಬೇಕು ಎನ್ನುವವರು ಈ ಅರ್ಧವನ್ನು ಮರೆಯಬಾರದು. ಗಂಗಾವತಿ, ಸಿಂಧನೂರು ಕಡೆಯ ನಾಲೆ ನೀರಿನ ಗದ್ದೆ ಸೀಮೆಯಾದರೆ ಸೊಳ್ಳೆ ಜಾಲರಿ ಇಲ್ಲದೆ ನಡೆಯದು. ಅಲ್ಲಿ ಎರಡರಲ್ಲಿ ಗಾಜು, ಒಂದರಲ್ಲಿ ಜಾಲರಿ ಓಡುವ ಮೂರು ಟ್ರ್ಯಾಕ್‌ನ ಸ್ಲೈಡಿಂಗ್ ಸಲೀಸು.

ಮೇಲಿನ ಕಿಟಕಿಯ ಚೌಕಟ್ಟಿಗೆ 20 ಅಡಿ ಉದ್ದದ ಕಟ್ಟಿಗೆ, ಅಂದರೆ 20×4×3÷144 = 1.67 ಘನಅಡಿ. ಒಂದೂಕಾಲು ಇಂಚು ದಪ್ಪದ ಕದಗಳಿಗೆ ಇನ್ನೊಂದು 0.55. ಕೊಯ್ತದ ನಷ್ಟ ಸೇರಿಸಿ ಎರಡೂವರೆ ಘನಅಡಿ ಹಿಡಿದೆ. ಸಾಮಿಲ್‌ನಲ್ಲಿ ನೋಡಬೇಕಾದದ್ದು ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ. ಸಾಗುವಾನಿ ಎಂಬ ಹೆಸರಿಗೆ ಗೊರಲೆ ಹೆದರುವುದಿಲ್ಲ. ಅಂಚಿನ ಬೆಳ್ಳಗಿನ ಭಾಗವನ್ನು ಅದು ಮಾವನ್ನು ತಿಂದಷ್ಟೇ ಸುಲಭವಾಗಿ ತಿನ್ನುತ್ತದೆ. ಬಿಳಿ ಅಂಚು ಇರುವ ತುಂಡನ್ನು ಬದಿಗಿಡಿಸಿ. ‘ಪಾಲಿಶ್ ಹೊಡೆದರೆ ಗೊತ್ತಾಗಲ್ಲ’ ಎಂದರೆ, ನಿಮಗೆ ಗೊತ್ತಾಗುವುದಿಲ್ಲ, ಗೊರಲೆಗೆ ಗೊತ್ತಾಗುತ್ತದೆ. ಹೊಲದ ಬೇವನ್ನೇ ಕೊಯ್ಸಿ ಹಾಕುವವರು ನಮ್ಮಲ್ಲಿ ಬಹಳ. ಹಸಿಯಲ್ಲೇ ಕೂರಿಸಿದರೆ ಅದು ತಿರುಚಿಕೊಳ್ಳುತ್ತದೆ.

ಕೊಯ್ದ ಪಟ್ಟಿಗಳನ್ನು ನೆರಳಲ್ಲಿ, ನಡುನಡುವೆ ಒಂದಿಂಚಿನ ರೀಪು ಕೊಟ್ಟು ಒಟ್ಟಿ, ತೇವದ ಮೀಟರ್ ಶೇಕಡ 12ಕ್ಕಿಂತ ಕೆಳಗೆ ತೋರಿಸಿದ ಮೇಲೆಯೇ ಬಡಗಿಗೆ ಕೊಟ್ಟೆ. ಕದಕ್ಕೂ ಚೌಕಟ್ಟಿಗೂ ನಡುವೆ 3 ಮಿ.ಮೀ. ಸಡಿಲ ಬಿಡಿಸಿದೆ. ಮೇ ತಿಂಗಳಲ್ಲಿ ಬಿಗಿಯಾಗಿ ಕೂತ ಕದ ಸೆಪ್ಟೆಂಬರಿನಲ್ಲಿ ತೆರೆಯುವುದಿಲ್ಲ. ಗೋಡೆಗೆ ತಾಗುವ ಮೂರು ಬದಿ, ಕೆಳಪಟ್ಟಿಯ ಅಡಿ ಮತ್ತು ಕೊಯ್ದ ತುದಿಗಳಿಗೆ ಎರಡು ಕೋಟ್ ಟಾರು ಬಣ್ಣ. ತುದಿಗಳೇ ಹೆಚ್ಚು ನೀರು ಕುಡಿಯುವುದು. ಗೊರಲೆ ಬರುವುದು ಗೋಡೆಯೊಳಗಿನಿಂದ, ಹಾಗಾಗಿ ಚೌಕಟ್ಟು ಕೂರಿಸುವ ಮುಂಚೆ ಗೋಡೆಯ ಬಾಯಿಗೆ 30.5 ಪ್ರತಿಶತದ ಇಮಿಡಾಕ್ಲೋಪ್ರಿಡ್ ಅನ್ನು ಲೀಟರ್ ನೀರಿಗೆ 2.1 ಮಿ.ಲೀ. ಬೆರೆಸಿ ಸಿಂಪಡಿಸಿದ್ದಾಯಿತು. ಹೊರಮೈಗೆ ವಾರ್ನಿಶ್ ಬೇಡ ಎಂದೆ. ಅಗಸೆ ಎಣ್ಣೆ, ಟರ್ಪೆಂಟೈನ್ ಸಮಸಮ ಬೆರೆಸಿ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಎಣ್ಣೆ ಸಿಪ್ಪೆ ಏಳುವುದಿಲ್ಲ, ಮಂಕಾದಾಗ ಮತ್ತೆ ಉಜ್ಜಿದರಾಯಿತು. ಉಜ್ಜಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಬಿಡಿಸಿ ಒಣಹಾಕಿ.

ಅಲ್ಯೂಮಿನಿಯಂನಲ್ಲಿ ಕೆಡುವುದು ಲೋಹವಲ್ಲ, ಕೂರಿಸುವ ಕೆಲಸ. ಚದರಡಿ ದರ ಕೇಳಿ ಒಪ್ಪಿಕೊಂಡರೆ ತೆಳು ಸೆಕ್ಷನ್ (ಚೌಕಟ್ಟಿನ ಪಟ್ಟಿ) ಬರುತ್ತದೆ. ಕತ್ತರಿಸಿದ ತುದಿಗೆ ವರ್ನಿಯರ್ ಹಿಡಿದು ನೋಡಿದೆ, ಹೇಳಿದ್ದು ಒಂದೂವರೆ ಮಿ.ಮೀ., ಬಂದದ್ದು ಒಂದು. ಅಷ್ಟು ತೆಳುವಾದರೆ ಲಾಕಿನ ಸ್ಕ್ರೂ ಹಿಡಿಯುವ ಎಳೆ ಸವೆದು ಲಾಕು ಅಲ್ಲಾಡುತ್ತದೆ. ಆ ಮಾಲು ವಾಪಸ್ ಕಳಿಸಿದ್ದಾಯಿತು. ಸ್ಕ್ರೂಗಳು ಸ್ಟೇನ್‌ಲೆಸ್ 304 ಇರಲಿ; ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುವುದಲ್ಲದೆ ತೇವದಲ್ಲಿ ತನ್ನ ಸುತ್ತಲ ಅಲ್ಯೂಮಿನಿಯಂ ಅನ್ನೂ ತಿನ್ನಿಸುತ್ತದೆ.

ಗಿಲಾವು ಮುಗಿದು, ಗ್ರಿಲ್ ಕೂತು, ಕಿಟಕಿ ಬಾಯಿಯ ನಾಲ್ಕೂ ಬದಿಗೆ ಗ್ರಾನೈಟ್ ಪಟ್ಟಿ ಹಚ್ಚಿದ ಮೇಲಷ್ಟೇ ಅಳತೆ ಕೊಡಿಸಿದೆ. ಇಳಕಲ್ ಕಲ್ಲು ಹತ್ತಿರದಲ್ಲೇ ಸಿಗುವಾಗ ಜಿಪುಣತನ ಯಾಕೆ? ಕಲ್ಲಿನಿಂದ ಮೂಲೆ ನೆಟ್ಟಗಾಗುತ್ತದೆ, ಸಿಲಿಕೋನ್‌ಗೂ ಒಳ್ಳೆಯ ಹಿಡಿತ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಕರ್ಣ ಎರಡು ಅಳೆದು, ಅತಿ ಕಡಿಮೆ ಬಂದ ಅಂಕಿಯಲ್ಲಿ 10 ಮಿ.ಮೀ. ಕಳೆದು ಚೌಕಟ್ಟು ಮಾಡಿಸಬೇಕು. ಬದಿಗೆ 5 ಮಿ.ಮೀ. ಸಂದು ಬೇಕೇಬೇಕು, ಏಕೆಂದರೆ ಒಂದೂವರೆ ಮೀಟರ್ ಉದ್ದದ ಪಟ್ಟಿ 40 ಡಿಗ್ರಿ ಏರುಪೇರಿಗೆ ಸುಮಾರು 1.4 ಮಿ.ಮೀ. ಬೆಳೆಯುತ್ತದೆ. ಸಂದಿಗೆ ಫೋಮ್ ಹಗ್ಗ ತುರುಕಿ ಮೇಲೆ ನ್ಯೂಟ್ರಲ್ ಸಿಲಿಕೋನ್ ಬಿಡಬೇಕು. ವಿನೆಗರ್ ವಾಸನೆ ಬರುವುದು ಸಿಮೆಂಟು, ಕಲ್ಲಿಗೆ ಆಗುವುದಿಲ್ಲ. ಒಂದು ಕಿಟಕಿಯಲ್ಲಿ ಕೆಂಪು ಧೂಳು ಒರೆಸದೆ ಹಚ್ಚಿದ್ದರು. ಹಿಡಿದೆಳೆದರೆ ಇಡೀ ಉದ್ದಕ್ಕೆ ರಬ್ಬರ್ ದಾರದಂತೆ ಕೈಗೆ ಬಂತು. ಬೆನ್ನಿಗೆ ಬಳ್ಳಾರಿ ಧೂಳು ಅಂಟಿತ್ತು, ಕಲ್ಲಿಗೆ ಏನೂ ಅಂಟಿರಲಿಲ್ಲ. ಚೌಕಟ್ಟಿನ ಮೇಲಿನ ರಕ್ಷಣಾ ಟೇಪನ್ನು ಬಣ್ಣದ ಕೆಲಸ ಮುಗಿದ ದಿನವೇ ಕಿತ್ತುಬಿಡಿ. ಬಿಸಿಲಲ್ಲಿ ಬಿಟ್ಟರೆ ಗೋಂದು ಬೆಂದು ಬಣ್ಣಕ್ಕೇ ಕೂರುತ್ತದೆ. ಟೇಪ್ ಇಲ್ಲದ ಕಡೆ ಹಸಿ ಸಿಮೆಂಟು ಬಿದ್ದರೆ ಆ ಕಲೆ ಹೋಗುವುದಿಲ್ಲ.

ಊರಿನ ಅದಿರಿನ ಧೂಳು ಸ್ಲೈಡಿಂಗ್‌ಗೆ ದೊಡ್ಡ ಶತ್ರು. ಚಕ್ರದಡಿ ಸೇರಿ ಮರಳು ಕಾಗದದಂತೆ ಸವೆಸುತ್ತದೆ, ಹಾಗಾಗಿ ಬರೀ ನೈಲಾನ್ ಚಕ್ರ ಬೇಡ, ಬೇರಿಂಗ್ ಇರುವುದು ಹಾಕಿಸಿ. ಕೆಳಟ್ರ್ಯಾಕ್‌ನಲ್ಲಿ ನೀರು ಹೊರಹೋಗಲು ತೂತುಗಳಿರುತ್ತವೆ. ಮಾರ್ಚ್‌ನಿಂದ ಕೂತ ಧೂಳು ಮೊದಲ ಗಾಳಿಮಳೆಗೆ ಕೆಸರಾಗಿ ಅವನ್ನು ಮುಚ್ಚುತ್ತದೆ, ಟ್ರ್ಯಾಕ್ ತುಂಬಿದ ನೀರು ಒಳಗಡೆಗೆ ಇಳಿಯುತ್ತದೆ. ಜನ ಸಿಲಿಕೋನ್ ಹೋಯಿತೆಂದು ಇನ್ನೊಂದು ಟ್ಯೂಬ್ ತಂದು ಹೊರಗಡೆಯಿಂದ ಮೆತ್ತುತ್ತಾರೆ, ಕೆಲವೊಮ್ಮೆ ಆ ತೂತುಗಳನ್ನೂ ಸೇರಿಸಿ. ಕೃತ್ತಿಕಾ ಮಳೆಗೆ ಮುಂಚೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಟ್ರ್ಯಾಕ್‌ನ ಧೂಳು ತೆಗೆದು, ತೂತಿಗೆ ತಂತಿ ಆಡಿಸಿ, ಒಂದು ತಂಬಿಗೆ ನೀರು ಸುರಿದು ಹೊರಗಡೆ ಹೋಗಿ ನೋಡುತ್ತೇನೆ. ಎರಡೂ ತೂತಿನಿಂದ ಧಾರೆ ಬಂದರೆ ಸರಿ, ಒಂದರಿಂದ ಬಂದರೆ ಮತ್ತೆ ತಂತಿ.