ವಿಳಾಸವಿಲ್ಲದ ಒಂದು ಆರ್ಡರ್: ಆಬ್ಜೆಕ್ಟಿನ ಒಳಗಿನ ಆಬ್ಜೆಕ್ಟನ್ನು ಓದಿದ ನನ್ನ ಅನುಭವ

ಆನ್‌ಲೈನ್ ಆರ್ಡರ್‌ಗಳನ್ನು ಪ್ಯಾಕ್ ಮಾಡಿ ಕಳುಹಿಸುವ ಗೋದಾಮಿನವರು ದಿನವಿಡೀ ಎದುರಿಗಿಟ್ಟುಕೊಳ್ಳುವ ಪರದೆಯೊಂದನ್ನು ನಮ್ಮ ಸಣ್ಣ ತಂಡ ಜಾವಾಸ್ಕ್ರಿಪ್ಟ್‌ನಲ್ಲಿ, ಪರದೆಗಳನ್ನು ಕಟ್ಟಲು ನೆರವಾಗುವ ರಿಯಾಕ್ಟ್ ಲೈಬ್ರರಿ ಬಳಸಿ ಬರೆದಿದೆ. ಒಂದು ಬೆಳಿಗ್ಗೆ ಅಲ್ಲಿಂದ ಫೋನ್ ಬಂತು: ಪರದೆ ಪೂರ್ತಿ ಬೆಳ್ಳಗಾಗಿದೆ, ಒಂದು ಆರ್ಡರೂ ಕಾಣುತ್ತಿಲ್ಲ. ದೋಷಗಳು ನಮೂದಾಗುವ ಬ್ರೌಸರಿನ ಕನ್ಸೋಲ್ ತೆರೆದು ನೋಡಿದರೆ, ಈ ಭಾಷೆಯಲ್ಲಿ ಕೆಲಸ ಮಾಡುವವರೆಲ್ಲ ಬಲ್ಲ ಟೈಪ್‌ಎರರ್ ಅಲ್ಲಿತ್ತು. ನಲ್ ಆಗಿರುವ, ಅಂದರೆ ‘ಏನೂ ಇಲ್ಲ’ ಎಂದು ಗುರುತು ಹಾಕಿದ, ಯಾವುದರಿಂದಲೋ ‘ಪಿನ್’ ಓದಲು ನಮ್ಮ ಕೋಡ್ ಹೊರಟಿತ್ತು.

ಆಬ್ಜೆಕ್ಟ್ ಎಂದರೆ ಹೆಸರಿಟ್ಟ ಮಾಹಿತಿಗಳ ಕಟ್ಟು, ಆ ಒಂದೊಂದು ಹೆಸರಿನ ಮಾಹಿತಿ ಅದರ ಪ್ರಾಪರ್ಟಿ; ಚುಕ್ಕೆ ಹಾಕಿ ಅದನ್ನು ಓದುತ್ತೇವೆ. ತಪ್ಪಿದ್ದ ಸಾಲು ಇದು: ಆರ್ಡರ್.ಗ್ರಾಹಕ.ವಿಳಾಸ.ಪಿನ್. (ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ಜಾವಾಸ್ಕ್ರಿಪ್ಟ್ ಯೂನಿಕೋಡ್ ಅಕ್ಷರಗಳ ಹೆಸರುಗಳನ್ನು ಒಪ್ಪುವುದರಿಂದ ಇದು ಹೀಗೆಯೇ ಓಡುತ್ತದೆ.) ಆ ದಿನ ಮೊದಲ ಬಾರಿಗೆ, ಗ್ರಾಹಕರೇ ಅಂಗಡಿಗೆ ಬಂದು ಒಯ್ಯುವ ಆರ್ಡರ್ ಒಂದು ಬಂದಿತ್ತು. ಅದಕ್ಕೆ ವಿಳಾಸವೇ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ರಿಯಾಕ್ಟ್ 16ರಿಂದೀಚೆಗೆ, ರೆಂಡರ್ ಆಗುವಾಗ, ಅಂದರೆ ಪರದೆಯನ್ನು ಮೂಡಿಸುವಾಗ, ಹುಟ್ಟಿದ ಎರರನ್ನು ಯಾರೂ ಹಿಡಿಯದಿದ್ದರೆ ಇಡೀ ಪುಟವೇ ಕಳಚಿಹೋಗುತ್ತದೆ. ಆದ್ದರಿಂದ ಒಂದು ಆರ್ಡರಿನ ಕೊರತೆ ಉಳಿದೆಲ್ಲ ಆರ್ಡರ್‌ಗಳನ್ನೂ ಮರೆಮಾಡಿತು.

ಇಂಥ ಕಡೆ ಹಿಂದೆಲ್ಲ ನಾವು && ಸರಪಳಿ ಬರೆಯುತ್ತಿದ್ದೆವು: ಗ್ರಾಹಕ ಇದ್ದರೆ, ಅದರೊಳಗೆ ವಿಳಾಸ ಇದ್ದರೆ, ಅದರೊಳಗಿನ ಪಿನ್ ಎಂದು ಒಂದೇ ಹೆಸರನ್ನು ಮೂರು ಸಲ ಹೇಳುವ ಸಾಲು. ಕೆಲವೆಡೆ ಲೋಡ್ಯಾಶ್ ಎಂಬ ಲೈಬ್ರರಿಯ ಗೆಟ್ ಫಂಕ್ಷನ್ ಬಳಸಿದ್ದೆವು. ಅದಕ್ಕೆ ದಾರಿಯನ್ನು ಸ್ಟ್ರಿಂಗ್ (ಬರಿಯ ಪಠ್ಯ) ಆಗಿ ಕೊಡುವುದರಿಂದ ಅದರಲ್ಲಿ ಅಕ್ಷರ ತಪ್ಪಿದರೂ ಎಡಿಟರ್ ಎಚ್ಚರಿಸುತ್ತಿರಲಿಲ್ಲ. 2019ರ ಕೊನೆಯಲ್ಲಿ, ಯಾವ ಮಾಹಿತಿ ಎಂಥದ್ದೆಂಬ ವಿವರಣೆಗಳನ್ನು, ಅಂದರೆ ಟೈಪ್‌ಗಳನ್ನು, ಜಾವಾಸ್ಕ್ರಿಪ್ಟ್‌ಗೆ ಸೇರಿಸುವ ಟೈಪ್‌ಸ್ಕ್ರಿಪ್ಟ್ ಭಾಷೆಯ 3.7 ಆವೃತ್ತಿಗೂ, 2020ರಲ್ಲಿ ಜಾವಾಸ್ಕ್ರಿಪ್ಟ್‌ನ ಅಧಿಕೃತ ನಿರ್ದಿಷ್ಟತೆಗೂ ಸೇರಿದ ?. ಚಿಹ್ನೆ, ಅಂದರೆ ಆಪ್ಷನಲ್ ಚೈನಿಂಗ್, ಈ ಎರಡೂ ತೊಡಕನ್ನು ನೀಗಿಸಿತು. ಅದರ ಎಡಗಡೆ ಇರುವುದು ನಲ್ ಅಥವಾ ಅನ್‌ಡಿಫೈನ್ಡ್ (ಬೆಲೆಯನ್ನೇ ಕೊಡದಿರುವುದು) ಆಗಿದ್ದರೆ ಸರಪಳಿಯ ಉಳಿದ ಭಾಗವನ್ನು ಮುಟ್ಟದೆಯೇ ಅನ್‌ಡಿಫೈನ್ಡ್ ಸಿಗುತ್ತದೆ. ಚಿಹ್ನೆ ಕಾಯುವುದು ತನ್ನ ಎಡಗಡೆಯದನ್ನು ಮಾತ್ರ ಎಂಬುದನ್ನು ನಾನು ಮೊದಲು ಸರಿಯಾಗಿ ಗಮನಿಸಿರಲಿಲ್ಲ. ಅವಸರದಲ್ಲಿ ನಾನು ಆರ್ಡರ್?.ಗ್ರಾಹಕ.ವಿಳಾಸ.ಪಿನ್ ಎಂದು ತಿದ್ದಿದೆ, ಪರದೆ ಬೆಳ್ಳಗೇ ಉಳಿಯಿತು. ಇಲ್ಲದಿದ್ದದ್ದು ಆರ್ಡರ್ ಅಲ್ಲ, ವಿಳಾಸ. ಬೇಕಿದ್ದದ್ದು ಆರ್ಡರ್.ಗ್ರಾಹಕ.ವಿಳಾಸ?.ಪಿನ್.

ಮುಂದಿನ ಪ್ರಶ್ನೆ, ಸಿಗದಿದ್ದಾಗ ಬದಲಿಗೆ ಏನನ್ನು ಇಡಬೇಕೆಂಬುದು. ಸಾಗಣೆ ವೆಚ್ಚ ನಮೂದಾಗಿರದಿದ್ದರೆ 40 ರೂಪಾಯಿ ಎಂದು ತೋರಿಸಲು ನಾನು ಆರ್ಡರ್.ಸಾಗಣೆ?.ವೆಚ್ಚ || 40 ಎಂದು ಬರೆದಿದ್ದೆ. ಉಚಿತ ಸಾಗಣೆಯ ಆರ್ಡರ್‌ಗಳಲ್ಲಿ ವೆಚ್ಚ 0 ಎಂದೇ ಬರುತ್ತಿತ್ತು; || ಚಿಹ್ನೆ ಸೊನ್ನೆಯನ್ನೂ ಖಾಲಿ ಸ್ಟ್ರಿಂಗನ್ನೂ ‘ಇಲ್ಲ’ ಎಂದೇ ಎಣಿಸುವುದರಿಂದ ಆ ಬಿಲ್‌ಗಳಲ್ಲೆಲ್ಲ 40 ರೂಪಾಯಿ ಮೂಡಿತು. ಅಲ್ಲಿ ಇರಬೇಕಾದದ್ದು ??; ಅದು ನಲ್ ಮತ್ತು ಅನ್‌ಡಿಫೈನ್ಡ್‌ಗೆ ಮಾತ್ರ ಬದಲಿ ಕೊಡುತ್ತದೆ, ಸೊನ್ನೆಯನ್ನು ಸೊನ್ನೆಯಾಗಿಯೇ ಬಿಡುತ್ತದೆ. ಡಿಸ್ಟ್ರಕ್ಚರಿಂಗ್ ಮಾಡುವಾಗ, ಅಂದರೆ ಆಬ್ಜೆಕ್ಟಿನ ಪ್ರಾಪರ್ಟಿಗಳನ್ನು ಬಿಡಿಬಿಡಿ ಹೆಸರುಗಳಿಗೆ ಎತ್ತಿಕೊಳ್ಳುವಾಗ, = ಹಾಕಿ ಕೊಡುವ ಡೀಫಾಲ್ಟ್ ಬೆಲೆಯಾಗಲಿ, ಲೋಡ್ಯಾಶ್‌ನ ಗೆಟ್‌ಗೆ ಮೂರನೆಯದಾಗಿ ಕೊಡುವ ಬೆಲೆಯಾಗಲಿ ಇನ್ನೊಂದು ಬಗೆಯವು: ಅವು ಅನ್‌ಡಿಫೈನ್ಡ್‌ಗೆ ಮಾತ್ರ ಒದಗುತ್ತವೆ, ನಲ್‌ಗೆ ಒದಗುವುದಿಲ್ಲ. ನಮ್ಮ ಸರ್ವರ್ ಇಲ್ಲದ್ದನ್ನೆಲ್ಲ ನಲ್ ಎಂದೇ ಕಳುಹಿಸುತ್ತಿದ್ದರಿಂದ ಈ ವ್ಯತ್ಯಾಸ ತಿಳಿಯುವುದರಲ್ಲೇ ನನ್ನ ಅರ್ಧ ದಿನ ಕಳೆಯಿತು.

ಇಷ್ಟಾದ ಮೇಲೆ ನಾನು ನಿಜವಾಗಿಯೂ ದೊಡ್ಡದೊಂದು ತಪ್ಪು ಮಾಡಿದೆ. ಬಿಳಿ ಪರದೆಯ ಭಯಕ್ಕೆ ಕೋಡಿನಲ್ಲಿ ಚುಕ್ಕೆ ಇದ್ದಲ್ಲೆಲ್ಲ ?. ಹಾಕಿದೆ. ಕೆಲವು ವಾರಗಳ ಬಳಿಕ ಸರ್ವರ್ ನೋಡಿಕೊಳ್ಳುವವರು ‘ಪಿನ್’ ಎಂಬುದನ್ನು ‘ಪಿನ್‌ಕೋಡ್’ ಎಂದು ಬದಲಿಸಿದರು. ಪರದೆ ಬೀಳಲಿಲ್ಲ, ಕನ್ಸೋಲಿನಲ್ಲಿ ಒಂದು ಕೆಂಪು ಸಾಲೂ ಕಾಣಲಿಲ್ಲ. ಪಿನ್ ಇರಬೇಕಾದ ಜಾಗ ಖಾಲಿಯಿದ್ದ ಲೇಬಲ್‌ಗಳು ಮಾತ್ರ ಎರಡು ದಿನ ಒಂದೇ ಸಮನೆ ಮುದ್ರಣವಾಗುತ್ತಲೇ ಹೋದವು. ನಿಜಕ್ಕೆ, ಹೆಸರು ಬದಲಾದ ಕೊನೆಯ ಪ್ರಾಪರ್ಟಿಯನ್ನು ಓದಿದರೆ ಬರಿಯ ಚುಕ್ಕೆ ಹಾಕಿದ್ದರೂ ಎರರ್ ಬರುವುದಿಲ್ಲ, ಅನ್‌ಡಿಫೈನ್ಡ್ ಅಷ್ಟೇ ಬರುತ್ತದೆ. ಆದರೆ ಮುಂದಿನ ಸಾಲಿನಲ್ಲಿ ಆ ಪಿನ್ನಿನ ಅಂಕಿಗಳನ್ನು ಬಿಡಿಸುವ ಫಂಕ್ಷನ್ ಕರೆ ಇತ್ತು, ಅದಕ್ಕೂ ನಾನು ?. ಹಾಕಿರದಿದ್ದರೆ ಮೊದಲ ಲೇಬಲ್‌ನಲ್ಲೇ ತಪ್ಪು ಹೊರಬೀಳುತ್ತಿತ್ತು. ಅದನ್ನು ಬಾಯಿಮುಚ್ಚಿಸಿದವನು ನಾನೇ.

ಆ ಬಳಿಕ ನಾನು ಪ್ರತಿ ಚುಕ್ಕೆಯನ್ನೂ ಕುರಿತು ಕೇಳಿಕೊಳ್ಳುತ್ತಾ ಬಂದದ್ದು ಒಂದೇ ಮಾತು: ಇದು ಇಲ್ಲದಿರುವುದು ಸಹಜವೋ, ಅಲ್ಲ ತಪ್ಪೋ? ಅಂಗಡಿಯಿಂದ ಒಯ್ಯುವ ಆರ್ಡರಿಗೆ ವಿಳಾಸವಿಲ್ಲದಿರುವುದು ಸಹಜ, ಆದ್ದರಿಂದ ಅಲ್ಲಿ ?. ಇರಬೇಕು. ವಿಳಾಸವಿದ್ದೂ ಪಿನ್ ಇಲ್ಲದಿರುವುದು ತಪ್ಪು, ಅಲ್ಲಿ ಅದು ಇರಕೂಡದು. ಈ ತೀರ್ಮಾನವನ್ನು ನಾವು ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳಲ್ಲೇ ಬರೆದಿಟ್ಟೆವು; ಇಲ್ಲದಿರಬಹುದಾದದ್ದನ್ನು ನೋಡದೆ ಮುಟ್ಟಿದರೆ ತಡೆಯುವ ಕಟ್ಟುನಿಟ್ಟಿನ ನಲ್ ತಪಾಸಣೆ ಆ ಭಾಷೆಯಲ್ಲಿ 2.0 ಆವೃತ್ತಿಯಿಂದಲೇ ಇದೆ. ಅನಗತ್ಯವಾಗಿ ಹಾಕಿದ ?. ಅನ್ನು ಎತ್ತಿ ತೋರಿಸುವ ನಿಯಮವೊಂದನ್ನೂ ಕೋಡ್ ತಪಾಸಣೆಯ ಸಾಧನವಾದ ಇಎಸ್‌ಲಿಂಟ್‌ನಲ್ಲಿ ಆನ್ ಮಾಡಿದೆವು. ಆದರೆ ಟೈಪ್‌ಗಳು ಕೋಡ್ ಓಡುವಾಗ ಉಳಿಯುವುದಿಲ್ಲ, ಸರ್ವರ್ ಏನು ಕಳುಹಿಸಿತೆಂದು ಅವುಗಳಿಗೆ ಗೊತ್ತಾಗದು. ಆದ್ದರಿಂದ ಉತ್ತರ ಬಂದ ಕೂಡಲೇ, ಒಳಗೆ ಬಿಡುವ ಮುನ್ನ, ಒಂದೊಂದು ಆರ್ಡರಿನ ಆಕಾರವನ್ನೂ ಝಾಡ್ ಲೈಬ್ರರಿಯಿಂದ ಪರೀಕ್ಷಿಸುವ ಒಂದೇ ಫಂಕ್ಷನ್ ಬರೆದೆ. ಇದಾದ ಮೇಲೆ ಒಳಗಿನ ಫೈಲ್‌ಗಳಿಂದ ?. ಚಿಹ್ನೆಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗುವುದಕ್ಕೆ ಧೈರ್ಯ ಬಂತು.

ಈಗ ವಿಳಾಸವಿಲ್ಲದ ಆರ್ಡರ್ ಬಂದರೆ ಗೋದಾಮಿನ ಪರದೆಯಲ್ಲಿ ‘ಅಂಗಡಿಯಿಂದ ಒಯ್ಯುವುದು’ ಎಂದು ಕಾಣುತ್ತದೆ. ಆಕಾರ ಕೆಟ್ಟ ಆರ್ಡರ್ ಬಂದರೆ ಅದೊಂದು ಸಾಲು ಮಾತ್ರ ಕೆಂಪಾಗಿ, ಯಾವ ಪ್ರಾಪರ್ಟಿ ಇಲ್ಲವೆಂಬುದನ್ನು ಹೆಸರಿಸಿ ನಿಲ್ಲುತ್ತದೆ, ನಮಗೂ ಸಂದೇಶ ಬರುತ್ತದೆ. ಉಳಿದ ಆರ್ಡರ್‌ಗಳು ಎಂದಿನಂತೆ ಪ್ಯಾಕ್ ಆಗಿ ಹೊರಡುತ್ತವೆ.