ಕೋಬಾಲ್ಟ್, ನಿಕಲ್ ಬೇರೆ ಮಾಡುವುದು ಹೇಗೆ?

ಹೊಸೂರು, ಕೃಷ್ಣಗಿರಿ ಕಡೆ ಈಗ ಎಲೆಕ್ಟ್ರಿಕ್ ಸ್ಕೂಟರ್‌ಗಳು ತಯಾರಾಗುತ್ತವೆ. ಇಂಥ ಗಾಡಿಗಳ ಹಲವು ಬ್ಯಾಟರಿಗಳಲ್ಲಿ ನಿಕಲ್, ಕೋಬಾಲ್ಟ್ ಇರುತ್ತವೆ. ಬ್ಯಾಟರಿ ಹಳತಾದ ಮೇಲೆ ಅವನ್ನು ವಾಪಸ್ ತೆಗೆಯಬೇಕು ಅಲ್ವಾ? ಕಷ್ಟ ಇರುವುದು ಎರಡನ್ನೂ ಬೇರೆ ಮಾಡುವುದರಲ್ಲಿ. ಕೋಬಾಲ್ಟ್‌ನ ಪರಮಾಣು ಸಂಖ್ಯೆ 27, ನಿಕಲ್‌ನದು 28. ಗುಣಗಳೂ ತುಂಬ ಹತ್ತಿರ. ದಾರಿ ತೋರಿಸುವುದು ಕ್ಲೋರೈಡ್, ಅಂದರೆ ಋಣ ಆವೇಶದ ಕ್ಲೋರಿನ್. ತಳಿ, ದೇಂಕಣಿಕೋಟೆ ಕಡೆಯಿಂದ ಬಂದು ರಸಾಯನಶಾಸ್ತ್ರ ಓದುವ ಮಕ್ಕಳು ಕಾಲೇಜು ಲ್ಯಾಬಿನಲ್ಲೇ ಇದನ್ನು ನೋಡಬಹುದು.

ಬ್ಯಾಟರಿಯನ್ನು ಮಾತ್ರ ಬಿಚ್ಚಬೇಡಿ. ಅದರ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕೋಬಾಲ್ಟ್, ನಿಕಲ್ ಲವಣ ಸಾಕು. ಮೇಷ್ಟ್ರು ಜೊತೆಗಿರಲಿ. ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲಿ (ಹೊಗೆ, ಅನಿಲ ಹೊರಗೆಳೆಯುವ ಗೂಡಿನಲ್ಲಿ), ಗ್ಲೌಸ್, ಕನ್ನಡಕ ಹಾಕಿಕೊಂಡೇ ನಡೆಯಬೇಕು.

ಮೊದಲು 25 ಮಿಲಿಲೀಟರ್ ನೀರಿಗೆ 75 ಮಿಲಿಲೀಟರ್ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಿ. ಇದರಲ್ಲಿ ಅರ್ಧ ಗ್ರಾಂ ಕೋಬಾಲ್ಟ್ ಕ್ಲೋರೈಡ್, ಒಂದು ಗ್ರಾಂ ನಿಕಲ್ ಕ್ಲೋರೈಡ್ ಕರಗಿಸಿ. ಇಷ್ಟು ಕ್ಲೋರೈಡ್ ಸಿಕ್ಕರೆ ಕೋಬಾಲ್ಟ್ ನಾಲ್ಕು ಕ್ಲೋರೈಡ್‌ಗಳನ್ನು ಹಿಡಿದುಕೊಂಡು ನೀಲಿಯಾಗುತ್ತದೆ, ಋಣ ಆವೇಶದ ಅಯಾನು ಆಗುತ್ತದೆ. ನಿಕಲ್ ಹೀಗೆ ಸುಲಭವಾಗಿ ಮಾಡುವುದಿಲ್ಲ. ಬೇರ್ಪಡಿಸುವ ಗುಟ್ಟೆಲ್ಲ ಇಲ್ಲೇ ಇದೆ.

ಇನ್ನೊಂದು ಕಡೆ ಸೀಮೆಎಣ್ಣೆಗೆ ಟ್ರೈಆಕ್ಟೈಲ್ ಅಮೀನ್ (ಕೋಬಾಲ್ಟ್ ಅನ್ನು ಎಣ್ಣೆಗೆ ಎಳೆಯುವ ರಾಸಾಯನಿಕ) ನೂರಕ್ಕೆ ಹತ್ತರಷ್ಟು, ಐಸೋಡೆಕನಾಲ್ ಎಂಬ ಆಲ್ಕೋಹಾಲ್ ಸ್ವಲ್ಪ ಸೇರಿಸಿ. ಐಸೋಡೆಕನಾಲ್ ಇಲ್ಲದಿದ್ದರೆ ನಡುವೆ ಮೂರನೇ ಪದರ ಎದ್ದು ಕಾಟ ಕೊಡಬಹುದು. ಲೋಹವಿಲ್ಲದ ಅದೇ ಆಮ್ಲದ ಜೊತೆ ಈ ದ್ರಾವಕವನ್ನು ಒಮ್ಮೆ ಕುಲುಕಿ, ಕೆಳಗಿನ ಆಮ್ಲವನ್ನು ಹೊರಕ್ಕೆ ಹರಿಸಿ. ಆಮ್ಲ ಹಿಡಿದ ಅಮೀನ್‌ಗೆ ಧನ ಆವೇಶ ಬರುತ್ತದೆ, ಋಣ ಆವೇಶದ ಕೋಬಾಲ್ಟ್ ಅಯಾನನ್ನು ಎಳೆದುಕೊಳ್ಳಲು ಅದು ಈಗ ತಯಾರು.

ಲೋಹದ ದ್ರಾವಣವನ್ನು ಇದರ ಜೊತೆ ಸಪರೇಟಿಂಗ್ ಫನಲ್‌ನಲ್ಲಿ (ಕೆಳಗೆ ನಲ್ಲಿ ಇರುವ ಗಾಜಿನ ಪಾತ್ರೆಯಲ್ಲಿ) ಕುಲುಕಿ, ಆಗಾಗ ಒತ್ತಡ ಬಿಡಿ. ಪದರಗಳು ಬೇರೆಯಾದಾಗ ಕೋಬಾಲ್ಟ್ ಸೇರಿದ ಮೇಲಿನ ಸೀಮೆಎಣ್ಣೆ ನೀಲಿ, ನಿಕಲ್ ಉಳಿದ ಕೆಳಗಿನ ಆಮ್ಲ ಹಸಿರು. ಎಷ್ಟು ಚೆಂದ!

ದ್ರಾವಕವನ್ನೆಲ್ಲ ಒಂದೇ ಸಲ ಸುರಿಯಬೇಡಿ. ಎರಡೂ ದ್ರವ ಸಮನಾಗಿದ್ದು, ಆಮ್ಲದಲ್ಲಿ ಉಳಿಯುವುದರ ಒಂಬತ್ತು ಪಟ್ಟು ಕೋಬಾಲ್ಟ್ ದ್ರಾವಕಕ್ಕೆ ಸೇರುತ್ತದೆ ಅಂದುಕೊಳ್ಳಿ. ಒಂದೇ ಸಲಕ್ಕಾದರೆ ಶೇ 10 ಕೆಳಗೇ ಉಳಿಯುತ್ತದೆ. ಅಷ್ಟೇ ದ್ರಾವಕವನ್ನು ಮೂರು ಪಾಲು ಮಾಡಿ, ಒಂದಾದ ಮೇಲೊಂದು ಬಳಸಿದರೆ ಉಳಿಯುವುದು 64ರಲ್ಲಿ ಒಂದು ಪಾಲು, ಅಂದರೆ ಶೇ 1.6 ಮಾತ್ರ.

ಕೊನೆಗೆ ನೀಲಿ ದ್ರಾವಕವನ್ನು ಬರೀ ನೀರಿನ ಜೊತೆ ಕುಲುಕಿ. ಕ್ಲೋರೈಡ್ ಕಡಿಮೆಯಾದ ಕೂಡಲೇ ಕೋಬಾಲ್ಟ್ ನೀರಿಗೆ ಇಳಿದು ಗುಲಾಬಿ ಬಣ್ಣ ತಾಳುತ್ತದೆ. ದ್ರಾವಕಕ್ಕೆ ಮತ್ತೆ ಆಮ್ಲ ಉಣಿಸಿದರೆ ಇನ್ನೊಮ್ಮೆ ಬಳಸಬಹುದು.

ನಿಜವಾದ ಬ್ಯಾಟರಿ ದ್ರಾವಣದಲ್ಲಿ ಕಬ್ಬಿಣ ಇದ್ದರೆ ಅದನ್ನು ಮೊದಲೇ ತೆಗೆಯಬೇಕು. ಫೆರಿಕ್ ಕಬ್ಬಿಣ (ಮೂರು ಧನ ಆವೇಶದ ಕಬ್ಬಿಣ) ಇನ್ನೂ ಕಡಿಮೆ ಕ್ಲೋರೈಡ್‌ಗೇ ಅಮೀನ್ ಕಡೆ ಹೋಗುತ್ತದೆ. ಉಳಿದ ದ್ರಾವಣಗಳನ್ನು ಸಿಂಕಿಗೆ ಸುರಿಯದೆ, ಲೇಬಲ್ ಹಚ್ಚಿದ ತ್ಯಾಜ್ಯದ ಬಾಟಲಿಗೆ ಹಾಕಿ.